ದೋಣಿಯೇ ಮನೆಯಾದರೆ

ತಿತಿಮತಿಯಿಂದ ಸಮುದ್ರವನ್ನು ಕಾಣಬೇಕಾದರೆ ಗೋಣಿಕೊಪ್ಪಲು, ವಿರಾಜಪೇಟೆಗಳನ್ನು ದಾಟಿ, ಮಾಕುಟ್ಟದ ಘಟ್ಟವಿಳಿದು ಕಣ್ಣೂರಿನವರೆಗೆ ಹೋಗಬೇಕು. ಕಾಫಿ ತೋಟ, ಕಾಡಾನೆಗಳ ನಡುವೆ ಬಾಳುವ ನಮಗೆ ಕಡಲಿನ ಮಾತು ದೂರದ್ದು. ಅಂಥ ಮನೆಗೆ ಕಳೆದ ವರ್ಷ ನಮ್ಮ ಅಣ್ಣನ ಮಗನಿಂದ ಪತ್ರವೊಂದು ಬಂದಿತು. ಅವನು ಹಡಗಿನಲ್ಲಿ ಇಂಜಿನಿಯರ್. "ಚಿಕ್ಕಪ್ಪನವರಿಗೆ ಶರಣು. ಬೆಂಗಳೂರಿನ ಮನೆ, ನನ್ನ ಪಾಲಿನ ತೋಟ ಎರಡನ್ನೂ ಮಾರಿ ಹಾಯಿದೋಣಿ ಕೊಳ್ಳಬೇಕೆಂದಿದ್ದೇವೆ. ಮಗುವನ್ನು ಕರೆದುಕೊಂಡು ಇನ್ನು ಅದರಲ್ಲಿಯೇ ವಾಸ. ಅವ್ವನಿಗೆ ತಾವೇ ತಿಳಿಯಹೇಳಬೇಕು" ಎಂದು ಬರೆದಿದ್ದನು.

ಅಣ್ಣನವರು ಇಂದು ನಮ್ಮೊಡನಿಲ್ಲ. ಅತ್ತಿಗೆಯವರು ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಇದನ್ನು ಹುಚ್ಚೆಂದು ತಳ್ಳಿಹಾಕುವ ಮೊದಲು ವಿಚಾರಿಸಿ ನೋಡುವುದು ಹಿರಿಯರಾದ ನಮ್ಮ ಧರ್ಮವೆನಿಸಿತು.

ಹೀಗೆ ಬಾಳಿದವರು ಇಲ್ಲದಿಲ್ಲ. ಲಿನ್ ಮತ್ತು ಲ್ಯಾರಿ ಪಾರ್ಡಿ ಎಂಬ ದಂಪತಿಗಳು ತಾವೇ ಕಟ್ಟಿದ 24 ಅಡಿಯ 'ಸೆರಾಫಿನ್' ದೋಣಿಯಲ್ಲಿ 1969ರಲ್ಲಿ ಹೊರಟರು. ಅದಕ್ಕೆ ಇಂಜಿನ್ ಇರಲಿಲ್ಲ, ಗಾಳಿಯೇ ಆಧಾರ. ಬಂದರುಗಳಲ್ಲಿ ಇತರರ ದೋಣಿಗಳನ್ನು ದುರಸ್ತಿ ಮಾಡಿ, ಪುಸ್ತಕ, ಲೇಖನಗಳನ್ನು ಬರೆದು ಹೊಟ್ಟೆ ಹೊರೆದರು. ನಮ್ಮ ದೇಶದ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಮಹಿಳೆಯರು 'ತಾರಿಣಿ' ಎಂಬ 56 ಅಡಿಯ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಂಡಲವನ್ನೇ ಸುತ್ತಿ, 2025ರ ಮೇ 29ರಂದು ಮರಳಿದರು. ಅವರದು ಕರ್ತವ್ಯದ ಯಾನ. ಪಾರ್ಡಿ ದಂಪತಿಗಳದು ಸಂಸಾರ. ಆದರೆ ಇಬ್ಬರಿಗೂ ದುಡಿಮೆ ತಪ್ಪಲಿಲ್ಲ.

ದೋಣಿಯ ಸಂಸಾರ ವಿಹಾರವಲ್ಲ. ಸಿಹಿನೀರನ್ನು ಅಳೆದು ಬಳಸಬೇಕು. ಅಲೆಗೆ ಪಾತ್ರೆ ಮಗುಚದಂತೆ ಒಲೆಯನ್ನೇ ತೂಗುವಂತೆ ಜೋಡಿಸಿರುತ್ತಾರೆ. ನಡುಗಡಲಿನಲ್ಲಿ ರಾತ್ರಿಯಿಡೀ ಒಬ್ಬರಾದ ಮೇಲೊಬ್ಬರು ಎಚ್ಚರವಿರಬೇಕು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ದೋಣಿಯ ಅಡಿಗೆ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ಆಗಾಗ ದಡಕ್ಕೆಳೆದು, ಕೆರೆದು, ಬಣ್ಣ ಬಳಿಯದಿದ್ದರೆ ಅದು ಉಳಿಯದು. ಮಗುವಿನ ಪಾಠ, ಪರದೇಶದ ಬಂದರುಗಳ ಕಾಗದಪತ್ರ ಇವೆಲ್ಲ ಬೇರೆ.

ನೆಲೆ ನಿಲ್ಲದ ಬಾಳು ನಮ್ಮವರಿಗೆ ಹೊಸದೇನೂ ಅಲ್ಲ. ಚರಜಂಗಮರು ಊರಿಂದೂರಿಗೆ ಸಂಚರಿಸಿದವರು. ಅಂಗೈಯಲ್ಲಿ ಇಷ್ಟಲಿಂಗವಿರುವವರಿಗೆ ಪೂಜೆಗೆ ಗುಡಿಯೂ ಬೇಕಿಲ್ಲ. ದೋಣಿಯ ಮೂಲೆಯೂ ಸಾಕು. ಆದರೆ ಜಂಗಮರು ಸಂಚರಿಸಿದ್ದು ಲೋಕಹಿತಕ್ಕಾಗಿ, ಹೊಣೆಯನ್ನು ಕಳಚಿಕೊಳ್ಳುವುದಕ್ಕಲ್ಲ. ವಸ್ತುಗಳನ್ನು ಬಿಟ್ಟು ಹೋಗಬಹುದು, ಹೆತ್ತವರ ಋಣವನ್ನು ದಡದಲ್ಲಿ ಬಿಟ್ಟು ಹೋಗಲಾಗದು. ಈ ಮಾತನ್ನೇ ಅವನಿಗೆ ಬರೆದೆವು.

ಪತ್ರವನ್ನು ಓದಿ ಹೇಳಿದಾಗ ಅತ್ತಿಗೆಯವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, "ಮಳೆಗಾಲದಲ್ಲಿ ಆ ದೋಣಿ ಎಲ್ಲಿರುತ್ತದೆ?" ಎಂದು ಕೇಳಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಪ್ರಕ್ಷುಬ್ಧ. ಇಂಥ ಸಣ್ಣ ದೋಣಿಗಳು ಬಂದರಿನಲ್ಲಿರುವುದೇ ಕ್ಷೇಮ. ತಿತಿಮತಿಯಲ್ಲಿ ಬಿಡದೆ ಮಳೆ ಸುರಿದು, ವಿದ್ಯುತ್ ಹೋಗಿ, ಅತ್ತಿಗೆಯವರು ಹೆಚ್ಚು ಒಂಟಿಯಾಗುವುದೂ ಆ ದಿನಗಳಲ್ಲಿಯೇ. ಕಾಫಿ ಕೊಯ್ಲಿನ ಕಾಲಕ್ಕೆ ಮಾತ್ರ ಕಡಲು ಶಾಂತವಾಗಿರುತ್ತದೆ.

ಕೊನೆಗೆ ಒಪ್ಪಂದವಾಯಿತು. ತೋಟ ಮಾರಬಾರದು, ಕೊಯ್ಲನ್ನು ನಾವು ನೋಡಿಕೊಳ್ಳುವುದು. ಮೊದಲ ವರ್ಷ ನಮ್ಮ ಕರಾವಳಿಯನ್ನು ಬಿಟ್ಟು ಹೋಗಬಾರದು. ಮಳೆ ಹಿಡಿಯುವ ಮುನ್ನ ಮೂವರೂ ಮನೆಗೆ ಬರಬೇಕು.

ಈ ವರ್ಷ ಮೇ ತಿಂಗಳ ಕೊನೆಗೆ ಅವರು ಬಂದರು. ಮಗನ ಅಂಗೈ ಹಗ್ಗ ಎಳೆದು ಜಡ್ಡುಗಟ್ಟಿತ್ತು. ಅತ್ತಿಗೆಯವರು ಅದನ್ನು ಹಿಡಿದು ನೋಡಿ, "ದುಡಿದಿದ್ದಾನೆ" ಎಂದಷ್ಟೇ ಹೇಳಿ ಒಳಗೆ ರೊಟ್ಟಿ ತಟ್ಟಲು ಹೋದರು.