ಎರವಲು ಕೈಗಳ ಮಹಾ ಯೋಜನೆ

ಏಳು ಗಂಟೆಗೆ ಮತದಾನ ಶುರುವಾಗುವ ಮತಗಟ್ಟೆಯಲ್ಲಿ ಐದೂವರೆಗೇ ದೀಪ ಹತ್ತಿರುತ್ತದೆ. ಅಭ್ಯರ್ಥಿಗಳ ಏಜೆಂಟರ ಕಣ್ಣೆದುರು ಅಣಕು ಮತದಾನ ನಡೆಯಬೇಕು. ಕನಿಷ್ಠ 50 ಮತ ಬೀಳಬೇಕು, ‘ನೋಟಾ’ ಸೇರಿ ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡಬೇಕು. ಆಮೇಲೆ ಕಂಟ್ರೋಲ್ ಯೂನಿಟ್ಟಿನಲ್ಲಿ ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂಬ ಮೂರು ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಬೇಕು. ಯಂತ್ರ ತೋರಿಸಿದ ಲೆಕ್ಕವೂ ವಿವಿಪ್ಯಾಟ್ ಚೀಟಿಗಳ ಲೆಕ್ಕವೂ ತಾಳೆಯಾಗಬೇಕು. ಚೀಟಿಗಳ ಬೆನ್ನಿಗೆ ‘ಅಣಕು ಮತದಾನ’ ಎಂದು ಮೊಹರು ಒತ್ತಿ, ದಪ್ಪ ಕಪ್ಪು ಲಕೋಟೆಯಲ್ಲಿ ಹಾಕಿ ಸೀಲ್ ಮಾಡಬೇಕು. ಗಡಿಬಿಡಿಯಲ್ಲಿ ‘ಕ್ಲಿಯರ್’ ಒತ್ತುವುದು ಮರೆತುಹೋದರೆ ಆ ಐವತ್ತು ಸುಳ್ಳು ಮತಗಳು ನಿಜವಾದ ಮತಗಳ ಜೊತೆ ಸೇರಿಕೊಂಡು ಎಣಿಕೆಯ ದಿನ ತಕರಾರಿಗೆ ಕಾರಣವಾಗುತ್ತವೆ.

ಇಷ್ಟು ನಾಜೂಕಿನ ಕೆಲಸ ಮಾಡುವವರು ಚುನಾವಣಾ ಆಯೋಗದ ನೌಕರರಲ್ಲ. ಮೊನ್ನೆಮೊನ್ನೆಯವರೆಗೆ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರು ಅಲ್ಲಿ ಅಧ್ಯಕ್ಷಾಧಿಕಾರಿ, ಬಾಯಿಮಾತಿನಲ್ಲಿ ಪಿಆರ್‌ಒ. ಪಂಚಾಯಿತಿಯಿಂದ, ಬ್ಯಾಂಕಿನಿಂದ, ನೀರಾವರಿ ಇಲಾಖೆಯಿಂದ ಬಂದವರು ಅವರ ಜೊತೆಗಾರರು. ಹಿಂದಿನ ದಿನ ಮತಯಂತ್ರ ಹಂಚುವ ಮಸ್ಟರಿಂಗ್ ಕೇಂದ್ರದಲ್ಲೇ ಒಬ್ಬರ ಮುಖ ಒಬ್ಬರು ನೋಡಿದ್ದು.

ಭಾರತದ ಚುನಾವಣಾ ಆಯೋಗ ಹುಟ್ಟಿದ್ದು 1950ರ ಜನವರಿ 25ರಂದು, ಗಣರಾಜ್ಯಕ್ಕಿಂತ ಒಂದು ದಿನ ಮೊದಲು. ದೆಹಲಿಯ ನಿರ್ವಾಚನ ಸದನದಲ್ಲಿ ಅದಕ್ಕಿರುವ ಸ್ವಂತ ಸಿಬ್ಬಂದಿ ಕೆಲವೇ ನೂರು ಮಂದಿ. ಆದರೆ 2024ರ ಲೋಕಸಭಾ ಚುನಾವಣೆಗೆ ಸುಮಾರು 97 ಕೋಟಿ ಮತದಾರರು, 10.5 ಲಕ್ಷ ಮತಗಟ್ಟೆಗಳು, ಭದ್ರತೆಯವರೂ ಸೇರಿ ಒಂದೂವರೆ ಕೋಟಿ ಸಿಬ್ಬಂದಿ. ಕೇಳಿದಷ್ಟು ನೌಕರರನ್ನು ಸರ್ಕಾರಗಳು ಒದಗಿಸಿಕೊಡಬೇಕು ಎಂದು ಸಂವಿಧಾನದ 324ನೇ ವಿಧಿಯ ಆರನೇ ಉಪವಿಧಿ ಹೇಳುತ್ತದೆ. ಚುನಾವಣೆ ಮುಗಿಯುವವರೆಗೆ ಅವರು ಆಯೋಗದ ಶಿಸ್ತಿಗೆ ಒಳಪಟ್ಟವರು ಎನ್ನುತ್ತದೆ ಪ್ರಜಾಪ್ರತಿನಿಧಿ ಕಾಯ್ದೆ. ಎರವಲು ತಂದ ಕೈಗಳಿಂದ ಒಂದೇ ಕೆಲಸವನ್ನು ದೇಶದ ಉದ್ದಗಲಕ್ಕೂ ಒಂದೇ ರೀತಿಯಲ್ಲಿ ಮಾಡಿಸುವುದೇ ಈ ಸಂಸ್ಥೆಯ ಕಸುಬು. ಅದರ ಯೋಜನೆಯನ್ನೂ ಸಾಧನೆಯನ್ನೂ ಇಲ್ಲಿಂದಲೇ ಅಳೆಯಬೇಕು ಎಂಬುದು ನನ್ನ ಅನಿಸಿಕೆ.

ಈ ಕಸುಬಿಗೆ ಅಡಿಪಾಯ ಹಾಕಿದವರು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಐಸಿಎಸ್ ಅಧಿಕಾರಿ, ಓದಿದ್ದು ಗಣಿತ. ಅವರ ಮುಂದಿದ್ದದ್ದು 17 ಕೋಟಿಗೂ ಹೆಚ್ಚು ಮತದಾರರು, ಅವರಲ್ಲಿ ಬಹುಪಾಲು ಜನಕ್ಕೆ ಅಕ್ಷರ ಬಾರದು. ಅದಕ್ಕಾಗಿ ಚಿಹ್ನೆಗಳು ಬಂದವು, ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಮತಪೆಟ್ಟಿಗೆ ಬಂತು. ಹಿಮ ಬಿದ್ದರೆ ದಾರಿ ಮುಚ್ಚಿಹೋಗುತ್ತದೆಂದು ಹಿಮಾಚಲದ ಚಿನಿಯಂಥ ಕಡೆ 1951ರ ಅಕ್ಟೋಬರ್ 25ಕ್ಕೇ ಮತದಾನ ಶುರು ಮಾಡಿದರು. ಉಳಿದ ದೇಶ ಮುಗಿಸಿದ್ದು ಮುಂದಿನ ಫೆಬ್ರುವರಿಗೆ. ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದೇ ಪಟ್ಟಿಗೆ ಸೇರಿದ್ದರು. ಸ್ವಂತ ಹೆಸರಿಲ್ಲದ ನಮೂದನ್ನು ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಅದು ಕಠೋರ ನಿರ್ಧಾರ, ಆ ಹೆಂಗಸರಿಗೆ ನಷ್ಟವೇ ಆಯಿತು. ಆದರೆ ಮತದಾರಳೆಂದರೆ ಹೆಸರುಳ್ಳ ವ್ಯಕ್ತಿ ಎಂಬ ನಿಯಮ ಅಲ್ಲಿಗೆ ಗಟ್ಟಿಯಾಯಿತು. 1953ರಲ್ಲಿ ಸುಡಾನ್ ತನ್ನ ಮೊದಲ ಚುನಾವಣೆ ನಡೆಸಿಕೊಡಲು ಇದೇ ಸೇನ್ ಅವರನ್ನು ಕರೆಸಿಕೊಂಡಿತು.

ಇಂದಿನ ಯೋಜನೆಗೆ ದೆಹಲಿಯಲ್ಲಿ ದೊಡ್ಡ ಕಡತವೇ ಇದೆ. 2016ರಿಂದ 2025ರವರೆಗಿನ ಹತ್ತು ವರ್ಷಕ್ಕೆಂದೇ ಆಯೋಗ ಕಾರ್ಯತಂತ್ರ ಯೋಜನೆಯೊಂದನ್ನು ರೂಪಿಸಿತ್ತು. ಆದರೆ ಯೋಜನೆಯ ಜೀವ ಇರುವುದು ಜಿಲ್ಲೆಯಲ್ಲಿ. ಮತದಾನಕ್ಕೆ ಆರು ತಿಂಗಳಿರುವಾಗಲೇ ಜಿಲ್ಲಾ ಚುನಾವಣಾ ನಿರ್ವಹಣಾ ಯೋಜನೆ ಸಿದ್ಧವಾಗಬೇಕು. ಯಾವ ಮತಗಟ್ಟೆಗೆ ಇಳಿಜಾರು ಹಾದಿ ಇಲ್ಲ, ಎಲ್ಲಿ ಫೋನ್ ಸಿಗ್ನಲ್ ಸಿಗದು, ಯಾವ ಕೇರಿಯ ಜನರನ್ನು ಹಿಂದಿನ ಸಲ ಹೆದರಿಸಿದ್ದರು, ಯಾವ ರಸ್ತೆಯಲ್ಲಿ ಬಸ್ಸು ತಿರುಗುವುದಿಲ್ಲ ಎಲ್ಲವೂ ಅದರಲ್ಲಿ ಬರುತ್ತವೆ. ಇದನ್ನು ಕಾಲ್ನಡಿಗೆಯಲ್ಲಿ ನೋಡಿ ಬರುವವರು ಸೆಕ್ಟರ್ ಅಧಿಕಾರಿಗಳು. ಯಾರಿಗೆ ಯಾವ ಮತಗಟ್ಟೆ ಎಂಬುದನ್ನು ಮೂರು ಹಂತದಲ್ಲಿ ಕಂಪ್ಯೂಟರ್ ಚೀಟಿ ಎತ್ತಿದಂತೆ ಹಂಚುತ್ತದೆ. ತನ್ನ ಮತಗಟ್ಟೆ ಯಾವುದೆಂದು ಮೇಷ್ಟರಿಗೂ ಮೊದಲೇ ತಿಳಿಯುವುದಿಲ್ಲ, ಅವರನ್ನು ಒಲಿಸಿಕೊಳ್ಳಲು ನೋಡುವವರಿಗೂ ತಿಳಿಯುವುದಿಲ್ಲ. ಯಂತ್ರಗಳ ಹಂಚಿಕೆಯೂ ಹೀಗೆಯೇ, ಎರಡು ಹಂತದಲ್ಲಿ. ನಂಬಿಕೆಯೊಂದನ್ನೇ ನೆಚ್ಚಿಕೊಳ್ಳದೆ ಹೊಂಚು ಹಾಕುವುದಕ್ಕೇ ಅವಕಾಶ ಕೊಡದ ಈ ಏರ್ಪಾಡು ಆಯೋಗದ ಅತ್ಯುತ್ತಮ ಆವಿಷ್ಕಾರಗಳಲ್ಲಿ ಒಂದು.

ಈ ಏರ್ಪಾಡು ಎಷ್ಟು ದೂರದವರೆಗೂ ತಲುಪುತ್ತದೆ ನೋಡಿ. ಹಿಮಾಚಲದ ಸ್ಪಿತಿ ಕಣಿವೆಯ ತಾಶಿಗಂಗ್ ಮತಗಟ್ಟೆ ಇರುವುದು 15 ಸಾವಿರ ಅಡಿಗಿಂತ ಎತ್ತರದಲ್ಲಿ. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬರೇ ಒಬ್ಬ ಮತದಾರರಿಗಾಗಿ ತಂಡ ಹೋಗಿದೆ. ಇಂಥ ಸುದ್ದಿಗಳನ್ನು ಪತ್ರಿಕೆಗಳು ಪ್ರತಿ ಸಲವೂ ಸಂಭ್ರಮದಿಂದ ಬರೆಯುತ್ತವೆ, ಬರೆಯಲೂ ಬೇಕು.

ಚುನಾವಣೆ ನಡೆಸುವ ಈ ಕೆಲಸದಲ್ಲಿ ನಮ್ಮ ಕರ್ನಾಟಕದ ಪಾಲೂ ಸಣ್ಣದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್. 1962ರಿಂದ ದೇಶದ ಚುನಾವಣೆಗೆಲ್ಲ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದ ಕೂಡಲೇ ಚರ್ಮದಲ್ಲಿ ಕಪ್ಪಾಗಿ ಕೂತುಬಿಡುತ್ತದೆ. ಮೊದಲು ಬೊಟ್ಟಿನಂತೆ ಇಡುತ್ತಿದ್ದದ್ದನ್ನು 2006ರಿಂದ ಎಡಗೈ ತೋರುಬೆರಳಿನ ಉಗುರಿನ ಮೇಲ್ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆಯಾಗಿ ಎಳೆಯುತ್ತಾರೆ. ಮತಯಂತ್ರ ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಯಂತ್ರವನ್ನು ಮೊದಲು ಬಳಸಿದಾಗ, ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ ಆ ಮತದಾನವನ್ನು ತಳ್ಳಿಹಾಕಿತು. ಕಾನೂನು ತಿದ್ದಿ, ಹಂತಹಂತವಾಗಿ ಪ್ರಯೋಗಿಸಿ, ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಿಗೂ ಯಂತ್ರ ತಲುಪುವಾಗ 2004 ಆಗಿತ್ತು. ಈ ನಿಧಾನ ನನಗೆ ಮೆಚ್ಚುಗೆ.

ಆದರೆ ಅಲಕ್ಷ್ಯ ಎಲ್ಲಿ ಹೊಡೆತ ಕೊಡುತ್ತದೆಂಬುದಕ್ಕೆ ಮತದಾನದ ವೇಳಾಪಟ್ಟಿಯೇ ಸಾಕ್ಷಿ. ಕೇಂದ್ರ ಪಡೆಗಳು ಒಂದು ರಾಜ್ಯ ಮುಗಿಸಿ ಇನ್ನೊಂದಕ್ಕೆ ಹೋಗಬೇಕು, ಪರೀಕ್ಷೆ ಮುಗಿದು ಮೇಷ್ಟರು ಸಿಗಬೇಕು, ಹಬ್ಬ, ಸುಗ್ಗಿ, ಮಳೆ ಎಲ್ಲ ನೋಡಬೇಕು. 2024ರಲ್ಲಿ ಏಳು ಹಂತದ ಮತದಾನ ಏಪ್ರಿಲ್ 19ರಿಂದ ಜೂನ್ 1ರವರೆಗೆ ಎಳೆಯಿತು. ಕೊನೆಯ ಹಂತದಲ್ಲಿ ಉತ್ತರ ಪ್ರದೇಶ ಒಂದರಲ್ಲೇ ಚುನಾವಣಾ ಕೆಲಸದಲ್ಲಿದ್ದ 30ಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತಕ್ಕೆ ಬಲಿಯಾದರು. ಗೃಹರಕ್ಷಕರು, ಸ್ವಚ್ಛತಾ ಕೆಲಸದವರು ಅವರಲ್ಲಿದ್ದರು. ಇಷ್ಟು ಬಿಸಿಲಿನಲ್ಲಿ ಚುನಾವಣೆ ನಡೆಸಬಾರದಿತ್ತು, ಒಂದು ತಿಂಗಳು ಮೊದಲೇ ಮುಗಿಸಬೇಕಿತ್ತು ಎಂದು ಆಗಿನ ಮುಖ್ಯ ಆಯುಕ್ತ ರಾಜೀವ್ ಕುಮಾರ್ ಒಪ್ಪಿಕೊಂಡರು. ಮೇ ತಿಂಗಳ ಬಿಸಿಲು ಎಂಥದೆಂದು ಅಂದಾಜಿಸಲು ತಜ್ಞರ ಸಮಿತಿ ಬೇಕಿರಲಿಲ್ಲ. ಎರವಲು ತಂದ ಜೀವಗಳ ಕ್ಷೇಮ ಯೋಜನೆಯ ಮೊದಲ ಪುಟದಲ್ಲಿ ಇರಬೇಕಿತ್ತು.

ಆಯೋಗ ತನ್ನ ಸಾಧನೆಯೆಂದು ಮುಂದಿಡುವುದು ಬಹುಮಟ್ಟಿಗೆ ಮತದಾನದ ಪ್ರಮಾಣವನ್ನು. ಅದರಲ್ಲಿ ಹೆಮ್ಮೆಪಡುವಂಥದ್ದು ಖಂಡಿತ ಇದೆ. 1962ರಲ್ಲಿ ಹೆಂಗಸರ ಮತದಾನ ಗಂಡಸರಿಗಿಂತ 16 ಶೇಕಡಾಂಶಕ್ಕೂ ಹೆಚ್ಚು ಹಿಂದಿತ್ತು. 2019ರಲ್ಲಿ ಅವರು ಗಂಡಸರನ್ನು ದಾಟಿದರು. ಆದರೆ 2024ರ ಏಪ್ರಿಲ್ 26ರಂದು ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತ ಬಿದ್ದರೆ, ಬೆಂಗಳೂರು ದಕ್ಷಿಣದಲ್ಲಿ ಬಿದ್ದದ್ದು ಶೇ 53ರ ಆಸುಪಾಸು. ಇದನ್ನು ನಗರದವರ ಸೋಮಾರಿತನ ಎಂದು ತೀರ್ಮಾನಿಸುವುದು ಸುಲಭ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ವಿಳಾಸದಲ್ಲೇ ಉಳಿದಿದ್ದರೆ, ತೀರಿಹೋದವರ ಹೆಸರು ತೆಗೆಯದಿದ್ದರೆ ಭಾಗಿಸುವ ಸಂಖ್ಯೆಯೇ ಹಿಗ್ಗಿರುತ್ತದೆ. ಆಗ ಕಡಿಮೆ ಕಾಣುವ ಪ್ರಮಾಣದಲ್ಲಿ ಪಟ್ಟಿಯ ದೋಷದ ಪಾಲೂ ಇರುತ್ತದೆ.

ಪಟ್ಟಿ ಶುದ್ಧಿ ಮಾಡುವುದೂ ಅಷ್ಟೇ ಸೂಕ್ಷ್ಮ. 2025ರಲ್ಲಿ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ, ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಯಾರ ಹೆಸರು, ಯಾವ ಕಾರಣಕ್ಕೆ ಬಿಟ್ಟಿದೆ ಎಂದು ಪ್ರಕಟಿಸುವಂತೆ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮನೆಮನೆ ಸುತ್ತಿದ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಬಳಿ ಆ ಕಾರಣ ಬರೆದೇ ಇರುತ್ತದೆ. ಅದನ್ನು ಕರಡಿನ ಜೊತೆಗೇ ತೋರಿಸಿದ್ದರೆ ಆಯೋಗದ ಮಾತಿಗೇ ತೂಕ ಹೆಚ್ಚುತ್ತಿತ್ತು.

ನಮೂನೆ 17ಸಿ ವಿಷಯವೂ ಇಂಥದ್ದೇ. ಮತದಾನ ಮುಗಿದ ಕೂಡಲೇ ಪಿಆರ್‌ಒ ಎಷ್ಟು ಮತ ದಾಖಲಾಯಿತೆಂದು ಅದರಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಯಂತ್ರದ ಮೊತ್ತವನ್ನು ತಾಳೆ ನೋಡುವುದು ಈ ಹಾಳೆಯೊಂದಿಗೇ. 2024ರಲ್ಲಿ ಮೊದಲ ಹಂತಗಳ ಶೇಕಡಾವಾರು ಮಾತ್ರ ಬಂದು, ಒಟ್ಟು ಮತಗಳ ಸಂಖ್ಯೆ ಬಾರದೆ ಅನುಮಾನಗಳು ಹಬ್ಬಿದವು. ಐದು ಹಂತಗಳ ಕ್ಷೇತ್ರವಾರು ಸಂಖ್ಯೆಯನ್ನು ಆಯೋಗ ಪ್ರಕಟಿಸಿದ್ದು ಮೇ 25ಕ್ಕೆ. ದಿನವಿಡೀ ದುಡಿದು, ಯಂತ್ರವನ್ನು ಡಿ-ಮಸ್ಟರಿಂಗ್ ಕೇಂದ್ರಕ್ಕೆ ಒಪ್ಪಿಸಿ, ನಡುರಾತ್ರಿ ಮನೆ ಸೇರುವ ಮೇಷ್ಟರು ಆ ಹಾಳೆಯನ್ನು ಆ ಹೊತ್ತಿಗೆಲ್ಲ ತುಂಬಿ ಕೊಟ್ಟಿರುತ್ತಾರೆ. ಪ್ರತಿ ಮತಗಟ್ಟೆಯ 17ಸಿ ಮಾರನೆಯ ದಿನವೇ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುವುದು ಆಯೋಗದ ಮುಂದಿನ ಯೋಜನೆಯಲ್ಲಿ ಸೇರಬೇಕು.