ಲಂಬಾಣಿ ಮಾತು ಬಿಟ್ಟವರಾರು?

"ಲಿಪಿ ಇಲ್ಲದ ಭಾಷೆ ಉಳಿಯೋದಿಲ್ಲ."

ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಕ್ಕೆ ಬ್ರಾಹ್ಮಿ ಲಿಪಿಯಿದೆ, ಅರಸನ ಹೆಸರಿದೆ. ಅದರ ಪ್ರಾಕೃತ ಆಡುವವರು ಮಾತ್ರ ಇಲ್ಲ. ಲಂಬಾಣಿಯಾದರೋ ಎತ್ತಿನ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನಿಗೆ ಬಂದವರ ಬಾಯಲ್ಲೇ ಶತಮಾನಗಳನ್ನು ದಾಟಿತು. ಕನ್ನಡ ಅಕ್ಷರದಲ್ಲಿ ಅದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ, ಬರೆಯಲೂಬೇಕು.

"ಆಳುವವರ ಭಾಷೆ ಮನೆಮಾತನ್ನು ನುಂಗುತ್ತದೆ."

1948ರವರೆಗೆ ಮಸ್ಕಿ, ಲಿಂಗಸುಗೂರು, ಸಿಂಧನೂರು ಎಲ್ಲ ನಿಜಾಮರ ಸೀಮೆ. ಕಚೇರಿ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. ಆದರೂ ಲಿಂಗಸುಗೂರಿನ ಕನ್ನಡ ಹೋಗಲಿಲ್ಲ. ಹೊಲ, ಸಂತೆ, ಒಲೆಯ ಮುಂದಿನ ಮಾತು ಕನ್ನಡದಲ್ಲೇ ನಡೆದವು.

"ಮಂದಿ ಹೆಚ್ಚಿದ್ದರೆ ಭಯವಿಲ್ಲ."

2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿಯನ್ನು ಮಾತೃಭಾಷೆ ಎಂದರು. ಆ ಲೆಕ್ಕ ಹಿಂದಿಯ ಖಾತೆಗೆ ಹೋಯಿತು. ಇದು ಅನ್ಯಾಯ. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರಿನ ಪುನರ್ವಸತಿ ನೆಲೆಗಳಾದ ಆರ್‌.ಎಚ್‌. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗಳು ಲಂಬಾಣಿಗರ ಮುಂದೆ ಹಿಡಿಯಷ್ಟು. ಆದರೂ ಆ ಬಂಗಾಳಿಗಳ ನುಡಿಗೆ ಆಸರೆಯಾದದ್ದು ಅವರು ಒಟ್ಟಿಗೆ ನೆಲೆಸಿದ್ದು.

"ಮನೆಯಲ್ಲಿ ಲಂಬಾಣಿ ಆಡಿಸಿದರೆ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆ."

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವ ನಂಬಿಕೆ ಇದು. ಭಯ ಸುಳ್ಳಲ್ಲ. ಮಾಸ್ತರ ಕನ್ನಡ ತಿಳಿಯದೆ ಒಂದನೇ ತರಗತಿಯ ಮಗು ಸುಮ್ಮನೆ ಕೂತರೆ ಯಾವ ತಾಯಿಯ ಕರುಳೂ ಚುರ್ ಎನ್ನುತ್ತದೆ. ಅದಕ್ಕೇ ಆಕೆ ಮನೆಯಲ್ಲೂ ಕನ್ನಡ ಶುರುಮಾಡುತ್ತಾಳೆ. ಆದರೆ ಸಿಂಧನೂರಿನ ಬಜಾರಿನಲ್ಲಿ ಬೆಳೆವ ಹುಡುಗರು ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿಕೊಳ್ಳದೆ ಆಡುತ್ತಾರೆ. ಮಗುವಿಗೆ ಬೇಕಾದದ್ದು ಮೊದಲ ವರ್ಷದಲ್ಲಿ "ಯಾಡಿ" ಎಂದರೆ ಅವ್ವ ಎಂದು ಗೊತ್ತಿರುವ ಒಬ್ಬ ಟೀಚರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಶಾಲೆ ಮಾಡದ ಕೆಲಸದ ಭಾರವನ್ನು ತಾಯಿಯ ಮೇಲೆ ಹೊರಿಸಿದ್ದೇವೆ.

"ಅವರಿಗೇ ತಮ್ಮ ಭಾಷೆ ಬೇಡವಾಗಿದೆ."

ಹಾಗೆನ್ನುವವರು ಲಂಬಾಣಿಗರ ಊರಾದ ತಾಂಡಾದಲ್ಲಿ ತೀಜ್ ಹಬ್ಬ ನೋಡಿಲ್ಲ. ಶ್ರಾವಣದಲ್ಲಿ ಮದುವೆಯಾಗದ ಹುಡುಗಿಯರು ಪುಟ್ಟಿಯಲ್ಲಿ ಗೋಧಿ ಬಿತ್ತಿ, ದಿನವೂ ನೀರೆರೆದು ಹಾಡುತ್ತಾರೆ. ಆ ಹಾಡುಗಳನ್ನು ಚಿಕ್ಕವರು ಕಲಿಯುವುದು ದೊಡ್ಡವರ ಪಕ್ಕ ನಿಂತು. ದೊಡ್ಡ ಹುಡುಗಿಯರು ಅಪ್ಪ-ಅವ್ವನ ಜೊತೆ ಬೆಂಗಳೂರು, ಪುಣೆಗೆ ದುಡಿಯಲು ಹೋದ ವರ್ಷ ಚಿಕ್ಕವರ ಪಕ್ಕ ಯಾರೂ ಇರುವುದಿಲ್ಲ. ಗುಳೆ ಹೋಗುವುದು ಒಣಬೇಸಾಯ ಕೈಕೊಟ್ಟಾಗ, ಊರಲ್ಲಿ ಕೂಲಿ ಸಿಗದಾಗ. ಲಂಬಾಣಿ ಉಳಿಯಬೇಕೆನ್ನುವವರು ತಾಂಡಾದ ಉದ್ಯೋಗ ಖಾತ್ರಿ ಕೆಲಸ ಯಾವ ತಿಂಗಳು ಶುರುವಾಗುತ್ತದೆ, ಕೂಲಿ ಯಾವಾಗ ಕೈಸೇರುತ್ತದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಲಿ.