ಬೆಳಗಿನ ಹನ್ನೊಂದು ಗಂಟೆಯ ಆಟ

'ದ ಪ್ರೈಸ್ ಈಸ್ ರೈಟ್' ಅಮೆರಿಕದ ಸಿಬಿಎಸ್ ಜಾಲದಲ್ಲಿ 1972ರಿಂದ ಸೋಮವಾರದಿಂದ ಶುಕ್ರವಾರದವರೆಗೆ ಹಗಲು ಹೊತ್ತಿನಲ್ಲಿ ಪ್ರಸಾರವಾಗುತ್ತಿರುವ ಟಿ.ವಿ. ಆಟ. ಮುಂದಿಟ್ಟ ಸಾಮಾನಿನ ಬೆಲೆ ಊಹಿಸಬೇಕು. ನಿಜವಾದ ಬೆಲೆಗೆ ಎಲ್ಲರಿಗಿಂತ ಹತ್ತಿರ ಬಂದವರು ಗೆಲ್ಲುತ್ತಾರೆ, ಆದರೆ ಒಂದು ಡಾಲರ್ ಮೀರಿದರೂ ಆ ಊಹೆ ಲೆಕ್ಕಕ್ಕಿಲ್ಲ. ಸೂಪಿನ ಡಬ್ಬಿಯಿಂದ ಕಾರಿನವರೆಗೆ ಎಲ್ಲದಕ್ಕೂ ಇಲ್ಲಿ ಜಾಗವಿದೆ. ಓದು, ಸಾಮಾನ್ಯ ಜ್ಞಾನ ಯಾವುದೂ ಬೇಡ. ಮನೆಗೆ ಸಾಮಾನು ತಂದು ಗೊತ್ತಿದ್ದರೆ ಸಾಕು. ಹಗಲಿನಲ್ಲಿ ಮನೆಯಲ್ಲಿರುವವರಿಗೆ ಇದಕ್ಕಿಂತ ಒಪ್ಪುವ ಆಟ ಇನ್ನೊಂದಿಲ್ಲ.

ಈ ಆಟ ಹುಟ್ಟಿದ್ದು ಎನ್‌ಬಿಸಿಯಲ್ಲಿ, 1956ರ ನವೆಂಬರ್ 26ರಂದು. ಕಲ್ಪನೆ ಬಾಬ್ ಸ್ಟೂವರ್ಟ್ ಅವರದು, ನಿರ್ಮಾಣ ಮಾರ್ಕ್ ಗುಡ್‌ಸನ್ ಮತ್ತು ಬಿಲ್ ಟಾಡ್‌ಮನ್ ಅವರದು. ನಡೆಸಿಕೊಡುತ್ತಿದ್ದವರು ಬಿಲ್ ಕಲೆನ್. ಆಗ ಅದು ಹರಾಜಿನ ಮಾದರಿಯಲ್ಲಿತ್ತು, ನಾಲ್ವರು ಸ್ಪರ್ಧಿಗಳು ಸರದಿಯಂತೆ ಕೂಗು ಏರಿಸುತ್ತ ಹೋಗುತ್ತಿದ್ದರು. 1957ರಲ್ಲಿ ವಾರಕ್ಕೊಮ್ಮೆ ರಾತ್ರಿಯೂ ಬರತೊಡಗಿತು. ಮರುವರ್ಷ ಕ್ವಿಜ್ ಕಾರ್ಯಕ್ರಮಗಳಲ್ಲಿ ಸ್ಪರ್ಧಿಗಳಿಗೆ ಮೊದಲೇ ಉತ್ತರ ಹೇಳಿಕೊಡುತ್ತಿದ್ದ ಹಗರಣ ಬಯಲಾಗಿ ಹಲವು ಕಾರ್ಯಕ್ರಮಗಳು ಮುಚ್ಚಿದರೂ ಇದು ಉಳಿಯಿತು. 1963ರಲ್ಲಿ ಎಬಿಸಿಗೆ ಹೋಯಿತು. ಎಬಿಸಿ ಆಗ ಮೂರು ಜಾಲಗಳಲ್ಲಿ ದುರ್ಬಲವಾದದ್ದು. 1965ರ ಸೆಪ್ಟೆಂಬರ್ 3ರಂದು ಆಟ ನಿಂತಿತು.

ಎರಡನೆಯ ಜನ್ಮ ಸಿಬಿಎಸ್‌ನಲ್ಲಿ. ಬೆಳಗಿನ ಹೊತ್ತು ಹಳೆಯ ಹಾಸ್ಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡುತ್ತಿದ್ದ ಈ ಜಾಲ, 1972ರ ಸೆಪ್ಟೆಂಬರ್ 4ರಂದು ಒಂದೇ ದಿನ ಮೂರು ಆಟಗಳನ್ನು ಶುರುಮಾಡಿತು. 10 ಗಂಟೆಗೆ 'ದ ಜೋಕರ್ಸ್ ವೈಲ್ಡ್', 10.30ಕ್ಕೆ 'ದ ನ್ಯೂ ಪ್ರೈಸ್ ಈಸ್ ರೈಟ್', 11ಕ್ಕೆ 'ಗ್ಯಾಂಬಿಟ್'. ನಿರೂಪಕರಾಗಿ ಬಾಬ್ ಬಾರ್ಕರ್ ಬಂದರು. ಹರಾಜು ಹೋಯಿತು, ಪ್ರೇಕ್ಷಕರ ನಡುವಿನಿಂದಲೇ ಹೆಸರು ಕೂಗಿ ಸ್ಪರ್ಧಿಗಳನ್ನು ಕರೆಯುವ ಪದ್ಧತಿ ಬಂತು. ಉದ್ಘೋಷಕ ಜಾನಿ ಓಲ್ಸನ್ 'ಕಮ್ ಆನ್ ಡೌನ್' ಎಂದು ಕೂಗಿದೊಡನೆ ಹೆಸರಿನವರು ಎದ್ದು, ಅಕ್ಕಪಕ್ಕದವರನ್ನು ತಬ್ಬಿಕೊಂಡು, ಮೆಟ್ಟಿಲಿಳಿದು ಓಡಿಬರುವುದು ಆಟದಷ್ಟೇ ಪ್ರಸಿದ್ಧವಾಯಿತು.

ವೇಳೆ ಮಾತ್ರ ಮೊದಲ ವರ್ಷಗಳಲ್ಲಿ ನೆಲೆ ನಿಲ್ಲಲಿಲ್ಲ. 1973ರ ಮಾರ್ಚ್‌ನಲ್ಲಿ ಅದನ್ನು ಮಧ್ಯಾಹ್ನ 3 ಗಂಟೆಗೆ ಒಯ್ದರು, 1975ರ ಆಗಸ್ಟ್‌ನಲ್ಲಿ ಮತ್ತೆ ಬೆಳಗಿಗೆ ತಂದರು. ಅದೇ ವರ್ಷ ಇದರ ಹಣೆಬರಹ ಬದಲಿಸಿದ ನಿರ್ಧಾರ ಬಂತು. ಅದುವರೆಗೆ ಹಗಲಿನ ಆಟಗಳೆಂದರೆ ಅರ್ಧ ಗಂಟೆ. ಸೆಪ್ಟೆಂಬರ್‌ನಲ್ಲಿ ಒಂದು ವಾರ ಪ್ರಯೋಗಕ್ಕಾಗಿ ಇದನ್ನು ಒಂದು ಗಂಟೆ ನಡೆಸಿ ನೋಡಿದರು. ನವೆಂಬರ್ 3ರಿಂದ ಅದೇ ಖಾಯಂ ಆಯಿತು. ಅರ್ಧ ಗಂಟೆಯಲ್ಲಿ ಮೂವರು ಆಡುತ್ತಿದ್ದರು, ಅವರಲ್ಲಿ ಹೆಚ್ಚು ಗೆದ್ದ ಇಬ್ಬರು ಅಂತಿಮ ಸುತ್ತಿಗೆ ಹೋಗುತ್ತಿದ್ದರು. ಈಗ ಆರು ಮಂದಿ. ಅವರನ್ನು ಸೋಸಲು ತಂದದ್ದೇ ದೊಡ್ಡ ಚಕ್ರ. ಅದರಲ್ಲಿ 5 ಸೆಂಟಿನಿಂದ 1 ಡಾಲರಿನವರೆಗೆ 20 ಮನೆಗಳಿವೆ. ಮೂವರು ಮೂವರಂತೆ ಎರಡು ಸಲ ಚಕ್ರ ತಿರುಗುತ್ತದೆ. ಒಬ್ಬೊಬ್ಬರಿಗೆ ಹೆಚ್ಚೆಂದರೆ ಎರಡು ತಿರುಗು. ಮೊತ್ತ ಒಂದು ಡಾಲರಿಗೆ ಹತ್ತಿರವಾಗಬೇಕು, ಮೀರಬಾರದು. ವೇಳಾಪಟ್ಟಿಯ ಅಗತ್ಯಕ್ಕೆ ಹುಟ್ಟಿದ ಈ ಚಕ್ರವೇ ಇಂದು ಕಾರ್ಯಕ್ರಮದ ಗುರುತು.

1979ರ ಏಪ್ರಿಲ್ 23ರಿಂದ ಅಮೆರಿಕದ ಪೂರ್ವ ಕಾಲವಲಯದಲ್ಲಿ ಬೆಳಗ್ಗೆ 11 ಗಂಟೆ ಎಂದು ನಿಗದಿಯಾಯಿತು. ಮಧ್ಯ ಮತ್ತು ಪೆಸಿಫಿಕ್ ವಲಯಗಳಲ್ಲಿ ಅದು ಸಾಮಾನ್ಯವಾಗಿ 10 ಗಂಟೆ. ಈ ಆಯ್ಕೆಯಲ್ಲಿ ಜಾಣತನವಿದೆ. ಅಮೆರಿಕದಲ್ಲಿ ಜಾಲದ ಕಾರ್ಯಕ್ರಮ ಮನೆಗೆ ತಲುಪುವುದು ಊರೂರಿನ ಸ್ಥಳೀಯ ಕೇಂದ್ರಗಳ ಮೂಲಕ. ಪೂರ್ವ ವಲಯದ ಬಹಳಷ್ಟು ಕೇಂದ್ರಗಳಲ್ಲಿ ಹನ್ನೆರಡಕ್ಕೆ ಸ್ಥಳೀಯ ವಾರ್ತೆ, ಆಮೇಲೆ ಧಾರಾವಾಹಿಗಳು. ಆಟ ನೋಡುತ್ತ ಕೂತವರು ವಾರ್ತೆಗೂ ಉಳಿಯುತ್ತಾರೆ. ಹಾಗಾಗಿ ಆ ಗಂಟೆಯನ್ನು ಕದಲಿಸಲು ಕೇಂದ್ರಗಳಿಗೂ ಮನಸ್ಸಿಲ್ಲ.

ಬಾರ್ಕರ್ 35 ವರ್ಷ ನಡೆಸಿ 2007ರ ಜೂನ್‌ನಲ್ಲಿ ನಿವೃತ್ತರಾದರು. ಅಕ್ಟೋಬರ್ 15ರಿಂದ ಡ್ರೂ ಕ್ಯಾರಿ ನಿರೂಪಕರು. ಲಾಸ್ ಏಂಜಲಿಸ್‌ನ ಟೆಲಿವಿಷನ್ ಸಿಟಿಯಲ್ಲಿದ್ದ ಚಿತ್ರೀಕರಣ 2023ರಲ್ಲಿ ಗ್ಲೆಂಡೇಲ್‌ಗೆ ಹೋಯಿತು. ಬಾರ್ಕರ್ ತೀರಿಕೊಂಡದ್ದೂ ಅದೇ ವರ್ಷ, 99ರ ವಯಸ್ಸಿನಲ್ಲಿ.

ಉಳಿದ ಹಗಲಿನ ಆಟಗಳು ಇಷ್ಟು ಬಾಳಲಿಲ್ಲ. ಸ್ಥಳೀಯ ಕೇಂದ್ರಗಳು ತಾವೇ ಕೊಂಡು ಹಾಕುವ ಮಾತುಕತೆಯ ಕಾರ್ಯಕ್ರಮಗಳ ನಡುವೆ ಹೆಚ್ಚು ಜಾಹೀರಾತು ಮಾರಬಹುದಿತ್ತು. 1980ರ ದಶಕದಿಂದ ಅಂಥ ಕಾರ್ಯಕ್ರಮಗಳು ಬೆಳೆದಂತೆ ಜಾಲದ ಆಟಗಳಿಗೆ ಜಾಗ ಕುಗ್ಗಿತು. 1994ರ ಜನವರಿಯಲ್ಲಿ ಎನ್‌ಬಿಸಿಯ 'ಸೀಸರ್ಸ್ ಚಾಲೆಂಜ್' ನಿಂತ ಮೇಲೆ ಜಾಲಗಳ ಹಗಲು ಪಟ್ಟಿಯಲ್ಲಿ 'ದ ಪ್ರೈಸ್ ಈಸ್ ರೈಟ್' ಒಂದೇ ಉಳಿಯಿತು. ಹದಿನೈದು ವರ್ಷಗಳ ಬಳಿಕ 'ಗೈಡಿಂಗ್ ಲೈಟ್' ಧಾರಾವಾಹಿ ಮುಗಿದಾಗ, 2009ರ ಅಕ್ಟೋಬರ್ 5ರಂದು, ಅದರ ಜಾಗಕ್ಕೆ ಸಿಬಿಎಸ್ ತಂದದ್ದು ಧಾರಾವಾಹಿಯನ್ನಲ್ಲ, 'ಲೆಟ್ಸ್ ಮೇಕ್ ಎ ಡೀಲ್' ಎಂಬ ಇನ್ನೊಂದು ಹಳೆಯ ಆಟವನ್ನು. ಅದೂ ಒಂದು ಗಂಟೆಯದೇ.